ಆಡುವವರು ಯಾರು, ಒಪ್ಪುವವರು ಯಾರು? : ದಿನಬಳಕೆಯ ಮಾತಿನ ಮನವೊಲಿಕೆಯ ಕೆಲವು ಚಾರಿತ್ರಿಕ ನೆಲೆಗಳು

1. ಪ್ರವೇಶ

ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಕೃತಿಯಾದ 'ಕವಿರಾಜಮಾರ್ಗ'ವು ನಾಡಿನ ಎಲ್ಲೆಗಳನ್ನು ಹೇಳುವ ಸಂದರ್ಭದಲ್ಲಿಯೇ ಆ ನಾಡಿನ ಜನರ ಮಾತಿನ ಶಕ್ತಿಯನ್ನೂ ಪ್ರಸ್ತಾಪಿಸುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814–878) ಆಸ್ಥಾನದಲ್ಲಿದ್ದ ಶ್ರೀವಿಜಯನ ಈ ಕೃತಿಯಲ್ಲಿ, ಇಲ್ಲಿಯ ಜನ ಓದಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರು ಎಂಬ ಹೇಳಿಕೆ ಬಹಳ ಪ್ರಸಿದ್ಧವಾಗಿದೆ. ಅದರ ನೆರೆಯಲ್ಲಿಯೇ ಇರುವ ಮತ್ತೊಂದು ಹೇಳಿಕೆಗೆ ಅಷ್ಟು ಗಮನ ಸಂದಿಲ್ಲ. ಹದವರಿತು ನುಡಿಯುವುದು ಮತ್ತು ಇನ್ನೊಬ್ಬರು ನುಡಿದುದನ್ನು ಅರಿತು ವಿಚಾರಿಸುವುದು ಎಂಬ ಎರಡು ಸಾಮರ್ಥ್ಯಗಳನ್ನು ಅದು ಜೊತೆಜೊತೆಯಾಗಿ ಈ ನಾಡವರಿಗೆ ಸಲ್ಲಿಸುತ್ತದೆ. ಮಾತು ಗೆಲ್ಲುವುದು ಆಡುವವನ ಚಾತುರ್ಯದಿಂದ ಮಾತ್ರವಲ್ಲ, ಕೇಳುವವನ ವಿವೇಕದಿಂದಲೂ ಕೂಡ ಎಂಬ ತಿಳಿವಳಿಕೆ ಇದರಲ್ಲಿದೆ.

ಮನವೊಲಿಸುವ ಮಾತಿನ ಬಗೆಗಿನ ಅಧ್ಯಯನಗಳು ಸಾಮಾನ್ಯವಾಗಿ ಮೊದಲಿನ ಅರ್ಧವನ್ನಷ್ಟೇ ಹಿಡಿದು ಸಾಗಿವೆ. ಗ್ರೀಕ್ ಪರಂಪರೆಯಲ್ಲಿ ಅರಿಸ್ಟಾಟಲನು ಮನವೊಲಿಕೆಯ ಸಾಧನಗಳನ್ನು ವಕ್ತೃವಿನ ಶೀಲ, ಕೇಳುಗರ ಭಾವಸ್ಥಿತಿ ಮತ್ತು ಮಾತಿನ ತರ್ಕ ಎಂದು ಮೂರಾಗಿ ವಿಂಗಡಿಸಿದನು. ಅವನ ಮುಂದಿದ್ದುದು ನಗರಸಭೆ ಮತ್ತು ನ್ಯಾಯಸ್ಥಾನಗಳಲ್ಲಿ ಎದ್ದು ನಿಂತು ತನ್ನ ಹೆಸರಿನಲ್ಲಿ ಮಾತನಾಡುವ ಪ್ರಜೆ. ನಮ್ಮ ಊರುಗಳ ದಿನಬಳಕೆಯ ಮಾತಿನಲ್ಲಿ ಇದಕ್ಕಿಂತ ಭಿನ್ನವಾದ ಕ್ರಮವೊಂದು ಕಾಣುತ್ತದೆ. ಇಲ್ಲಿ ಒಪ್ಪಿಸಬೇಕಾದವನು ಸಾಧ್ಯವಾದಷ್ಟೂ ತಾನು ಹಿಂದೆ ಸರಿದು, ಮಾತನ್ನು ಬೇರೆಯವರ ಬಾಯಲ್ಲಿ ಇಡುತ್ತಾನೆ. ಶಾಸನದ ಶಾಪಾಶಯ, ದೇವರ ಮುಂದಿನ ಆಣೆ, ಕಟ್ಟೆಯ ಮೇಲಿನ ಗಾದೆ - ಈ ಮೂರರಲ್ಲೂ 'ನಾನು ಹೇಳುತ್ತಿದ್ದೇನೆ' ಎಂಬುದು ಮರೆಯಾಗಿ, 'ಇದು ನನ್ನ ಮಾತಲ್ಲ' ಎಂಬುದು ಮುಂದೆ ಬರುತ್ತದೆ. ಹೀಗೆ ಎರವಲು ತಂದ ಅಧಿಕಾರ ಚರಿತ್ರೆಯಲ್ಲಿ ಹೇಗೆ ಕೆಲಸ ಮಾಡಿದೆ, ಯಾರಿಗೆ ನೆರವಾಗಿದೆ, ಯಾರ ಬಾಯನ್ನು ಮುಚ್ಚಿಸಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕಲ್ಲಿನ ಮಾತು : ಶಾಪಾಶಯದ ಮನವೊಲಿಕೆ

ದಾನಶಾಸನವೊಂದರ ಎದುರಿಗಿರುವ ಸಮಸ್ಯೆ ವಿಚಿತ್ರವಾದುದು. ದಾನ ಕೊಟ್ಟ ಅರಸ ಬದುಕಿರುವವರೆಗೆ ಭೂಮಿಗೆ ಅವನ ರಕ್ಷಣೆಯಿರುತ್ತದೆ. ಅವನು ಅಳಿದ ಮೇಲೆ, ಮುಂದೆ ಬರುವ ಅರಸರನ್ನು, ಅಧಿಕಾರಿಗಳನ್ನು, ನೆರೆಹೊರೆಯ ಬಲಿಷ್ಠರನ್ನು ತಡೆಯುವವರಾರು? ಇನ್ನೂ ಹುಟ್ಟದಿರುವವನನ್ನು ಒಪ್ಪಿಸಬೇಕಾದ ಈ ಕಷ್ಟದ ಕೆಲಸವನ್ನು ಶಾಸನದ ಕೊನೆಯ ಭಾಗ ವಹಿಸಿಕೊಳ್ಳುತ್ತದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಹೇಳುವ ಶಾಸನದಲ್ಲಿಯೇ ದತ್ತಿಯನ್ನು ಕೆಡಿಸಿದವನಿಗೆ ಮಹಾಪಾತಕ ತಟ್ಟುವುದೆಂಬ ಎಚ್ಚರಿಕೆಯಿದೆ. ಅಂದರೆ ಕನ್ನಡ ಬರೆಹದ ಆರಂಭಕಾಲದಲ್ಲಿಯೇ ಮನವೊಲಿಕೆಯ ಈ ಪ್ರಯತ್ನವೂ ಕಾಣಿಸಿಕೊಂಡಿದೆ.

ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ತಿರುವಿ ಹಾಕುವವರಿಗೆ ಈ ಭಾಗ ಮತ್ತೆ ಮತ್ತೆ ಎದುರಾಗುತ್ತದೆ. ರಾಜವಂಶಗಳ ಕಾಲನಿರ್ಣಯಕ್ಕೆ ಉಪಯೋಗವಿಲ್ಲದ ಕಾರಣ ಚರಿತ್ರಕಾರರು ಇದನ್ನು 'ಎಂದಿನ ಶಾಪಶ್ಲೋಕಗಳು' ಎಂದು ದಾಟಿಹೋಗುವುದೇ ಹೆಚ್ಚು. ಜಾನಪದ ಅಧ್ಯಯನದ ದೃಷ್ಟಿಯಿಂದ ಇವು ದಾಟಿಹೋಗುವಂಥವಲ್ಲ. ಇವುಗಳಲ್ಲಿ ಕನಿಷ್ಠ ನಾಲ್ಕು ಬಗೆಯ ಒಪ್ಪಿಸುವ ತಂತ್ರಗಳನ್ನು ಗುರುತಿಸಬಹುದು. ಮೊದಲನೆಯದು ಹೆದರಿಕೆ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವನೆಂಬ ಸಂಸ್ಕೃತ ಶ್ಲೋಕ, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಕನ್ನಡ ವಾಕ್ಯ ಇದಕ್ಕೆ ಸೇರುತ್ತವೆ. ಎರಡನೆಯದು ಲಾಭದ ಪಾಲು. ಸಗರನೇ ಮೊದಲಾದ ಅನೇಕರು ಭೂಮಿಯನ್ನು ದಾನ ಕೊಟ್ಟಿದ್ದಾರೆ, ಯಾವ ಕಾಲದಲ್ಲಿ ಯಾರು ಭೂಮಿಯ ಒಡೆಯರೋ ಆಗಿನ ಪುಣ್ಯಫಲ ಅವರದೇ ಎಂದು ಮುಂದಿನ ಅರಸನನ್ನು ದಾನದಲ್ಲಿ ಪಾಲುದಾರನನ್ನಾಗಿ ಮಾಡಿಕೊಳ್ಳುವ ಉಪಾಯವಿದು. ಮೂರನೆಯದು ಮೆಚ್ಚುಗೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದೇ ಮೇಲು ಎಂದು ಹೇಳುವಾಗ ದಾನಿಯು ತನ್ನ ಕೀರ್ತಿಯನ್ನು ತಾನೇ ಒಂದು ಮೆಟ್ಟಿಲು ಕೆಳಗಿಳಿಸಿ, ಮುಂದೆ ಬರುವವನನ್ನು ಎತ್ತರದಲ್ಲಿ ಕೂರಿಸುತ್ತಾನೆ. ನಾಲ್ಕನೆಯದು ಬೇಡಿಕೆ. ಧರ್ಮದ ಈ ಸೇತುವೆ ಎಲ್ಲ ಅರಸರಿಗೂ ಸಮಾನವಾದುದು, ಇದನ್ನು ಕಾಲಕಾಲಕ್ಕೆ ನೀವು ಕಾಯಬೇಕು ಎಂದು ರಾಮಚಂದ್ರನು ಮುಂದಿನ ಭೂಪಾಲರನ್ನು ಮತ್ತೆ ಮತ್ತೆ ಯಾಚಿಸುತ್ತಾನೆಂಬ ಶ್ಲೋಕ ಇದಕ್ಕೆ ನಿದರ್ಶನ.

ಈ ನಾಲ್ಕರಲ್ಲಿ ಎಲ್ಲಿಯೂ ದಾನಿ ತನ್ನ ಸ್ವಂತ ದನಿಯಲ್ಲಿ ಮಾತನಾಡುವುದಿಲ್ಲ ಎಂಬುದು ಗಮನಾರ್ಹ. ಬೆದರಿಸುವುದು ಧರ್ಮ, ಬೇಡುವುದು ರಾಮ. ರಣರಂಗದಲ್ಲಿ ಯಾರಿಗೂ ತಲೆಬಾಗದವನೆಂದು ಅದೇ ಶಾಸನದ ಮೊದಲ ಭಾಗದಲ್ಲಿ ಹೊಗಳಿಸಿಕೊಂಡ ಅರಸನು ಕೊನೆಯ ಭಾಗದಲ್ಲಿ ಕೈಮುಗಿಯಬೇಕಾಗಿದೆ. ಆದರೆ ಆ ಕೈಗಳು ಅವನವಲ್ಲ, ರಾಮನವು. ಓದುಬಾರದವರಿಗಾಗಿ ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯಚಂದ್ರರನ್ನೂ ಹಸುಕರುಗಳನ್ನೂ ಕೆತ್ತಿದರು. ಕೊಂಕಣ ಮತ್ತು ಗೋವೆಯ ಕಡೆಯ ಕತ್ತೆಶಾಪದ ಕಲ್ಲುಗಳು ಇನ್ನೂ ಮುಂದೆ ಹೋಗಿ, ದತ್ತಿ ಕೆಡಿಸಿದವನ ಮನೆತನಕ್ಕೆ ಬರುವ ಅವಮಾನವನ್ನು ಅಶ್ಲೀಲ ಚಿತ್ರವಾಗಿಯೇ ತೋರಿಸಿದವು. ಬೈಗುಳವೂ ಮನವೊಲಿಕೆಯ ಒಂದು ಸಾಧನವೆಂಬುದಕ್ಕೆ ಕಲ್ಲಿನ ಸಾಕ್ಷಿಯಿದು. ಆ ಬೈಗುಳ ತಟ್ಟುವುದು ತಪ್ಪು ಮಾಡಿದವನಿಗಲ್ಲ, ಅವನ ಮನೆಯ ಹೆಣ್ಣಿಗೆ ಎಂಬುದನ್ನೂ ಮರೆಯುವಂತಿಲ್ಲ.

3. ದಿವ್ಯ ಮತ್ತು ಆಣೆ : ತನ್ನನ್ನೇ ಪಣಕ್ಕಿಡುವುದು

ಶಾಪ ಮುಂದಿನವನ ಮೇಲೆ ಹೇರುವಂಥದು. ಆಣೆ ತನ್ನ ಮೇಲೆಯೇ ತಾನು ಹೇರಿಕೊಳ್ಳುವ ಶಾಪ. 'ನಾನು ಸುಳ್ಳಾಡಿದ್ದರೆ ನನ್ನ ಕಣ್ಣು ಹೋಗಲಿ' ಎಂಬ ಮಾತಿನಲ್ಲಿ ವಾದವಿಲ್ಲ, ಪುರಾವೆಯಿಲ್ಲ. ಅಲ್ಲಿರುವುದು ಪಣ ಮಾತ್ರ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಬರೆಹ, ಅನುಭೋಗ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ದೊರೆಯದಿದ್ದಾಗ ಮಾತ್ರ ದಿವ್ಯಕ್ಕೆ ಅವಕಾಶ. ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂದು ದಿವ್ಯಗಳು ಐದು. ಇವುಗಳಲ್ಲಿ ಕೋಶದಿವ್ಯ ನಮ್ಮ ಚರ್ಚೆಗೆ ಹೆಚ್ಚು ಪ್ರಸ್ತುತ. ಉಗ್ರದೇವತೆಯ ಅಭಿಷೇಕದ ನೀರನ್ನು ಮೂರು ಬೊಗಸೆ ಕುಡಿದವನಿಗೆ ಹದಿನಾಲ್ಕು ದಿನಗಳೊಳಗೆ ರಾಜನಿಂದಾಗಲಿ ದೈವದಿಂದಾಗಲಿ ಘೋರ ವಿಪತ್ತು ಬರದಿದ್ದರೆ ಅವನು ಶುದ್ಧನೆಂದು ತೀರ್ಮಾನ. ಇಲ್ಲಿ ಕೆಲಸ ಮಾಡುವುದು ನೀರಲ್ಲ, ಊರೆಲ್ಲ ಕಣ್ಣಿಟ್ಟು ಕಾಯುವ ಆ ಹದಿನಾಲ್ಕು ದಿನಗಳು. ಬೇರೆ ದಿವ್ಯಗಳ ಸಂದರ್ಭದಲ್ಲಿ ಸ್ಮೃತಿಯು ಇನ್ನೊಂದು ಷರತ್ತನ್ನೂ ಹಾಕುತ್ತದೆ: ಆರೋಪ ಹೊರಿಸಿದವನು, ತಾನು ಸೋತರೆ ದಂಡಕ್ಕೆ ಗುರಿಯಾಗಲು ಒಪ್ಪಿರಬೇಕು. ಪಣ ಒಂದೇ ಕಡೆಯದಾಗಬಾರದೆಂಬ ಎಚ್ಚರ ಇದರ ಹಿಂದಿದೆ.

ಬ್ರಿಟಿಷ್ ಆಡಳಿತದ ನ್ಯಾಯಾಲಯಗಳು ಈ ಪದ್ಧತಿಯನ್ನು ಒಮ್ಮೆಗೇ ಹೊರಗೆ ಹಾಕಲಿಲ್ಲ. 1840ರ ಐದನೆಯ ಕಾಯಿದೆಯು ಗಂಗಾಜಲ ಮತ್ತು ಕುರಾನಿನ ಮೇಲಿನ ಪ್ರಮಾಣಗಳಿಗೆ ಬದಲಾಗಿ ಗಂಭೀರ ಘೋಷಣೆಯನ್ನು ತಂದಿತು. ಆದರೆ 1873ರ ಭಾರತೀಯ ಪ್ರಮಾಣ ಕಾಯಿದೆಯು, ಒಬ್ಬ ಕಕ್ಷಿದಾರನು 'ಎದುರಾಳಿ ಇಂಥ ಪ್ರಮಾಣ ಮಾಡಿದರೆ ನಾನು ಅದಕ್ಕೆ ಬದ್ಧ' ಎಂದು ಮುಂದೆ ಬಂದರೆ ಅದಕ್ಕೆ ಅವಕಾಶ ಕೊಟ್ಟಿತು. ಹಾಗೆ ಪ್ರಮಾಣ ಮಾಡಿ ಹೇಳಿದ್ದು ಸವಾಲು ಹಾಕಿದವನ ಮಟ್ಟಿಗೆ ಅಂತಿಮ ಪುರಾವೆಯಾಗುತ್ತಿತ್ತು. ಪ್ರಮಾಣಕ್ಕೆ ಯಾರನ್ನೂ ಬಲವಂತಪಡಿಸುವಂತಿರಲಿಲ್ಲ, ಆದರೆ ನಿರಾಕರಿಸಿದ್ದನ್ನೂ ಅದಕ್ಕೆ ಕೊಟ್ಟ ಕಾರಣವನ್ನೂ ನ್ಯಾಯಾಲಯ ದಾಖಲಿಸಬೇಕಿತ್ತು. ಊರ ಗುಡಿಯ ಮುಂದಿನ 'ದೀಪ ಆರಿಸು, ಒಪ್ಪುತ್ತೇನೆ' ಎಂಬ ಸವಾಲಿಗೆ ಕಾನೂನಿನ ಭಾಷೆಯಲ್ಲಿ ಸಿಕ್ಕ ರೂಪವಿದು. 1969ರ ಪ್ರಮಾಣ ಕಾಯಿದೆ ಬಂದಾಗ ಈ ಅವಕಾಶ ಕೊನೆಗೊಂಡಿತು. ಶಾಸನದ ಪುಸ್ತಕದಿಂದ ಅಳಿದ ಮಾತ್ರಕ್ಕೆ ರೂಢಿ ಅಳಿಯಲಿಲ್ಲ. 2011ರ ಜೂನ್ ತಿಂಗಳಿನಲ್ಲಿ ರಾಜ್ಯದ ಅಂದಿನ ಮುಖ್ಯಮಂತ್ರಿಯವರು ಮಾಜಿ ಮುಖ್ಯಮಂತ್ರಿಯೊಬ್ಬರಿಗೆ ಧರ್ಮಸ್ಥಳದಲ್ಲಿ ಪ್ರಮಾಣ ಮಾಡುವಂತೆ ಸವಾಲು ಹಾಕಿದ್ದು, ಇಬ್ಬರೂ ಅಲ್ಲಿಗೆ ಹೋಗಿ ಪೂಜೆ ಸಲ್ಲಿಸಿ ಪ್ರಮಾಣ ಮಾಡದೆ ಹಿಂದಿರುಗಿದ್ದು ನಾಡಿಗೆಲ್ಲ ತಿಳಿದ ಸಂಗತಿ. ಆಣೆಯ ಸವಾಲುಗಳಲ್ಲಿ ಬಹುಪಾಲು ಆಣೆಯವರೆಗೆ ಹೋಗುವುದೇ ಇಲ್ಲ. ಸವಾಲೇ ತನ್ನ ಕೆಲಸವನ್ನು ಮುಗಿಸಿರುತ್ತದೆ.

'ಗೋವಿನ ಹಾಡಿ'ನ ಪುಣ್ಯಕೋಟಿಯು ಹುಲಿಯನ್ನು ಒಪ್ಪಿಸುವ ಬಗೆಯೂ ಇದೇ ಜಾತಿಯದು. ಹಿಂದಿರುಗಿ ಬರುವೆನೆಂಬ ಭಾಷೆ ಅದಕ್ಕೆ ಹೊತ್ತಿನ ಬಿಡುಗಡೆಯನ್ನಷ್ಟೇ ತಂದುಕೊಡುತ್ತದೆ. ಹುಲಿಯ ಮನಸ್ಸು ತಿರುಗುವುದು ಅದು ನಿಜಕ್ಕೂ ಬಂದು ಎದುರು ನಿಂತಾಗ. ಆದರೆ ಕಥೆಯ ಈ ನ್ಯಾಯ ಬದುಕಿನಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ಕ್ಷೇತ್ರಕಾರ್ಯದಲ್ಲಿ ನಾನು ಕೇಳಿದ ಆಣೆಯ ಪ್ರಸಂಗಗಳಲ್ಲಿ ಆಣೆ ಇಡು ಎಂದು ಕೇಳುತ್ತಿದ್ದವರು ಹೆಚ್ಚಾಗಿ ಮನೆಯ ಯಜಮಾನರು, ಅತ್ತೆಯರು, ಸಾಲ ಕೊಟ್ಟವರು. ಇಡುತ್ತಿದ್ದವರು ಜೀತದಾಳುಗಳು, ಸೊಸೆಯಂದಿರು, ಸಾಲಗಾರರು. ಮಕ್ಕಳ ತಲೆ ಮುಟ್ಟಿಸುವುದು, ಅನ್ನದ ಮೇಲೆ ಕೈ ಇಡಿಸುವುದು, ಭಂಡಾರ ಹಿಡಿಸುವುದು ಇವೆಲ್ಲ ಕೆಳಗಿನವರ ಪಾಲಿನವು. ಆರೋಪಿಸುವವನೂ ಪಣಕ್ಕೆ ಒಳಗಾಗಬೇಕೆಂಬ ಸ್ಮೃತಿಯ ಷರತ್ತನ್ನು ಊರು ಮರೆತಿತ್ತು.

4. ಸಂತೆ ಮತ್ತು ಸಂಬಂಧ

ವ್ಯಾಪಾರದ ಮಾತಿನಲ್ಲಿಯೂ ಆಡುವವನು ಮರೆಯಲ್ಲಿರುತ್ತಾನೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಕೊಳ್ಳುವವನಿಗೂ ಮಾರುವವನಿಗೂ ನಡುವೆ ದಲ್ಲಾಳಿ ನಿಲ್ಲುತ್ತಾನೆ. ಎತ್ತಿನ ಹಲ್ಲು, ಸುಳಿ, ನಡಿಗೆಗಳ ಬಗ್ಗೆ ಎಲ್ಲರಿಗೂ ಕೇಳುವಂತೆ ಮಾತು ನಡೆಯುತ್ತದೆ. ಬೆಲೆ ಮಾತ್ರ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಇತ್ಯರ್ಥವಾಗುತ್ತದೆ. ಬಾಯಿ ಆಡಿದ ಬೆಲೆ ಬಾಯಿಗೇ ಅಂಟಿಕೊಳ್ಳುತ್ತದೆ, ಬೆರಳು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದು. ಮದುವೆಯ ಸಂಬಂಧ ಕುದುರಿಸುವಲ್ಲಿಯೂ ಇಂಥ ನಡುವಿನವರು ಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಅವರಿಗೆ ಸಮಾಜ ಕೊಟ್ಟ ಪರವಾನಗಿ. ಆದರೆ ಆ ಸಾವಿರ ಸುಳ್ಳುಗಳ ಬೆಲೆಯನ್ನು ಮುಂದೆ ತೆರಬೇಕಾದವರು ಯಾರು ಎಂಬುದನ್ನು ಗಾದೆ ಹೇಳುವುದಿಲ್ಲ.

5. ಕಟ್ಟೆಯ ಗಾದೆ ಮತ್ತು ಒಂದು ಉತ್ತರ

ಗಾದೆಯು ಎರವಲು ಅಧಿಕಾರದ ಅತ್ಯಂತ ಹಗುರವಾದ, ಆದ್ದರಿಂದಲೇ ಅತ್ಯಂತ ವ್ಯಾಪಕವಾದ ರೂಪ. ಶಾಪಕ್ಕೆ ಕಲ್ಲು ಬೇಕು, ಆಣೆಗೆ ಗುಡಿ ಬೇಕು, ಗಾದೆಗೆ ಸಮಯವೊಂದಿದ್ದರೆ ಸಾಕು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಗಾದೆ ತನ್ನ ಪ್ರಮಾಣವನ್ನು ತಾನೇ ಸಾರಿಕೊಳ್ಳುತ್ತದೆ. ಸೂಕ್ತಿಗಳನ್ನು ಬಳಸುವುದು ವಯಸ್ಸಾದವರಿಗೆ ಒಪ್ಪುತ್ತದೆ ಎಂದು ಅರಿಸ್ಟಾಟಲನು ಹೇಳಿದ್ದಾನೆ. ನಮ್ಮ ಹಳ್ಳಿಗಳಲ್ಲಿಯೂ ಕಿರಿಯರು ಹಿರಿಯರೆದುರು ಗಾದೆ ಹೇಳಬೇಕಾದಾಗ 'ನಿಮ್ಮಂಥೋರು ಹೇಳೋ ಹಂಗೆ' ಎಂದು ಮೊದಲೇ ತಗ್ಗಿಕೊಳ್ಳುತ್ತಾರೆ.

ಗಾದೆಯ ಮೊದಲ ಗುಣ ಅದರ ಪರೋಕ್ಷತೆ. ಊರ ಹಣ ಬಳಸಿಕೊಂಡವನ ಎದುರಿಗೆ 'ಬೇಲಿಯೇ ಎದ್ದು ಹೊಲ ಮೇಯ್ದಂತೆ' ಎಂದರೆ ಯಾರ ಹೆಸರನ್ನೂ ಹೇಳಿದಂತಾಗಲಿಲ್ಲ. ಸಿಟ್ಟಿಗೆದ್ದವನು ತಾನೇ ಸಿಕ್ಕಿಬೀಳುತ್ತಾನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಈ ತಂತ್ರವನ್ನೇ ವಿವರಿಸುವ ಗಾದೆ. ಬಲವಿಲ್ಲದವನು ಬಲವಿರುವವನಿಗೆ ಬುದ್ಧಿ ಹೇಳಲು ಇದು ಸುರಕ್ಷಿತವಾದ ದಾರಿ. ಆದರೆ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದಲೂ ಮಾತು ಬರುತ್ತದೆ. 'ಬಡವಾ ನೀ ಮಡಗ್ದಂಗಿರು', 'ಬಡವನ ಕೋಪ ದವಡೆಗೆ ಮೂಲ', 'ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ' ಎಂಬ ಗಾದೆಗಳ ಕೆಲಸ ಒಪ್ಪಿಸುವುದಲ್ಲ, ಮಾತನ್ನು ಮುಗಿಸುವುದು. ಸಾಮಾನ್ಯ ವಾದಕ್ಕೆ ಎದುರುವಾದ ಹೂಡಬಹುದು. ಹಿರಿಯರ ಮಾತೆಂದು ಬಂದ ಗಾದೆಗೆ ಎದುರಾಡಿದರೆ ಹಿರಿಯರನ್ನೇ ಎದುರಿಸಿದಂತಾಗುತ್ತದೆ.

ಈ ಸಂದರ್ಭದಲ್ಲಿ ನನ್ನದೇ ಕ್ಷೇತ್ರಕಾರ್ಯದ ಒಂದು ತಪ್ಪನ್ನು ದಾಖಲಿಸುವುದು ಅಗತ್ಯವೆಂದು ಭಾವಿಸಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಡಾಕ್ಟರೇಟ್ ಅಧ್ಯಯನಕ್ಕಾಗಿ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಾಗ, ಅರಳಿಕಟ್ಟೆಯ ಮೇಲೆ ನಡೆದ ಒಂದು ನ್ಯಾಯಕ್ಕೆ ಹಾಜರಿದ್ದೆ. ಗಂಡ ಹೊಡೆಯುತ್ತಾನೆಂದು ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ದೂರು ತಂದಿದ್ದಳು. ಕೈಮೇಲೆ ಬಾಸುಂಡೆ ಕಾಣುತ್ತಿತ್ತು. ಹಿರಿಯರೊಬ್ಬರು ನಕ್ಕು, ''ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣವ್ವ, ಮನೆಗೆ ಹೋಗು'' ಎಂದರು. ಸೇರಿದವರೂ ನಕ್ಕರು. ಹೆಗಲ ಮೇಲಿನ ಟವೆಲು ಕೊಡವಿಕೊಂಡು ಕೆಲವರು ಎದ್ದದ್ದೂ ಆಯಿತು. ಆಗ ಅವಳು ದನಿ ಏರಿಸದೆ ಹೇಳಿದಳು: ''ಉಂಡ್ರೆ ತಾನೇ ಗೌಡ್ರೆ ಮಲಗೋದು? ನಮ್ಮನೇಲಿ ಒಲೆ ಹಚ್ಚಿ ಮೂರು ದಿನ ಆಯ್ತು.''

ಎದ್ದವರು ಕೂತರು. ಮಾರಿದ ರಾಗಿಯ ಹಣ ಎಲ್ಲಿ ಹೋಯಿತು ಎಂದು ಗಂಡನನ್ನು ಕೇಳಿದರು. ಕೊನೆಗೆ ಅವನು ತಪ್ಪುಕಾಣಿಕೆ ಕಟ್ಟಬೇಕೆಂದೂ, ಮುಂದೆ ರಾಗಿ ಮಾರಿದ ಹಣದಲ್ಲಿ ಮನೆಯ ಖರ್ಚಿನಷ್ಟನ್ನು ಹೆಂಡತಿಯ ಕೈಗೆ ಕೊಡಬೇಕೆಂದೂ ತೀರ್ಮಾನವಾಯಿತು. ಏಟಿನ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಆ ರಾತ್ರಿ ನಾನು ಚೀಟಿಯೊಂದರಲ್ಲಿ 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ಬರೆದು, ಮೇಲೆ 'ದಾಂಪತ್ಯ' ಎಂಬ ಶೀರ್ಷಿಕೆ ಹಾಕಿ, ಅಕಾರಾದಿಯಲ್ಲಿ 'ಗ' ಅಕ್ಷರದ ಕಟ್ಟಿಗೆ ಸೇರಿಸಿದೆ. ಅವಳ ಮಾತನ್ನು ಬರೆದುಕೊಳ್ಳಲಿಲ್ಲ. ಏಕೆಂದರೆ ಅದು ಗಾದೆಯಾಗಿರಲಿಲ್ಲ. ಗಾದೆಯನ್ನು ಯಾರು, ಯಾರಿಗೆ, ಯಾವಾಗ, ಯಾವ ಉದ್ದೇಶದಿಂದ ಹೇಳಿದರು ಎಂಬುದಿಲ್ಲದ ಸಂಗ್ರಹ ಅಪೂರ್ಣವೆಂದು ಅಲನ್ ಡಂಡಸ್ ಮತ್ತು ಒಜೊ ಅರೇವಾ 1964ರಲ್ಲಿಯೇ ವಾದಿಸಿದ್ದರು. ಆ ಲೇಖನವನ್ನು ನಾನು ಓದಿದ್ದೆ, ನನ್ನ ಮಹಾಪ್ರಬಂಧದ ಮೊದಲ ಅಧ್ಯಾಯದಲ್ಲಿ ಉಲ್ಲೇಖಿಸಿಯೂ ಇದ್ದೆ. ಆದರೂ ನನ್ನ ಕೈ ಹಿರಿಯರ ಮಾತನ್ನು ಬರೆಯಿತು, ಅವಳದನ್ನು ಬಿಟ್ಟಿತು.

ಈಗ ಯೋಚಿಸಿದರೆ ಆ ಕಟ್ಟೆಯ ಮೇಲೆ ಅಂದು ನಿಜವಾದ ವಾಕ್ಚಾತುರ್ಯ ತೋರಿದವಳು ಅವಳೇ. ಅವಳು ಗಾದೆಯನ್ನು ಅಲ್ಲಗಳೆಯಲಿಲ್ಲ, ಎದುರುಗಾದೆಯನ್ನೂ ಹಾಕಲಿಲ್ಲ. ಗಾದೆಯಲ್ಲಿ ರೂಪಕವಾಗಿದ್ದ ಊಟವನ್ನು ನಿಜವಾದ ಊಟವನ್ನಾಗಿ ತೆಗೆದುಕೊಂಡಳು. ರೂಪಕ ಮುರಿದೊಡನೆ ಹಿರಿಯರ ಅಧಿಕಾರವೂ ಕ್ಷಣಕಾಲ ಕಳಚಿಬಿತ್ತು. ಮಾತು 'ಎಲ್ಲ ಮನೆಯ ಕಥೆ'ಯಿಂದ 'ಈ ಮನೆಯ ಒಲೆ'ಗೆ ಇಳಿಯಿತು. ಹಸಿವಿಗೆ ಕಿವಿಗೊಟ್ಟ ಸಭೆ ಏಟಿಗೆ ಕಿವಿಗೊಡಲಿಲ್ಲ ಎಂಬುದು ಆ ಗೆಲುವಿನ ಮಿತಿ. ಮನೆಯೊಳಗಿನ ಹಿಂಸೆಯನ್ನು ಹೆಸರಿಸುವ ಕಾಯಿದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಆದರೆ ಠಾಣೆಯ ಬಾಗಿಲಿಗೂ ನ್ಯಾಯಾಲಯದ ಬಾಗಿಲಿಗೂ ಮೊದಲು ಇಂದಿಗೂ ಹೆಣ್ಣೊಬ್ಬಳಿಗೆ ಎದುರಾಗುವುದು ತವರಿನವರ, ನೆರೆಯವರ, ಹಿರಿಯರ ಬಾಯಲ್ಲಿನ ಈ ಗಾದೆಯೇ.

6. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಶಾಪಾಶಯ, ಆಣೆ ಮತ್ತು ಗಾದೆಗಳು ಬೇರೆ ಬೇರೆ ಕಾಲ ಮತ್ತು ಸ್ಥಳಗಳಿಗೆ ಸೇರಿದವಾದರೂ ಒಂದೇ ತತ್ತ್ವದ ಮೇಲೆ ನಿಂತಿವೆ. ಆಡುವವನು ಹಿಂದೆ ಸರಿದು, ಧರ್ಮವನ್ನೋ ದೈವವನ್ನೋ ಹಿರಿಯರನ್ನೋ ಮುಂದೆ ನಿಲ್ಲಿಸುವುದೇ ಆ ತತ್ತ್ವ. ಇದರಿಂದ ಬಲವಿಲ್ಲದವರಿಗೂ ಮಾತಿನ ನೆಲೆ ಸಿಗುತ್ತದೆ. ಬಲವುಳ್ಳವರಿಗೆ ಹೊಣೆ ಹೊರದೆ ಮಾತು ಮುಗಿಸುವ ಅನುಕೂಲವೂ ಸಿಗುತ್ತದೆ. ಆದ್ದರಿಂದ ದಿನಬಳಕೆಯ ಮನವೊಲಿಕೆಯ ಚರಿತ್ರೆಯನ್ನು ಆಡಿದ ಮಾತುಗಳಿಂದ ಮಾತ್ರ ಕಟ್ಟಿದರೆ ಅದು ಅಧಿಕಾರವುಳ್ಳವರ ಚರಿತ್ರೆಯಾಗಿಯೇ ಉಳಿಯುತ್ತದೆ.

ನಮ್ಮ ಗಾದೆಯ ಕೋಶಗಳು ಹಿರಿಯ ಸಂಗ್ರಾಹಕರ ಅಪಾರ ಶ್ರಮದ ಫಲ. ಅವುಗಳಿಲ್ಲದಿದ್ದರೆ ಇಂದಿನ ಅಧ್ಯಯನಕ್ಕೆ ನೆಲೆಯೇ ಇರುತ್ತಿರಲಿಲ್ಲ. ಆದರೆ ಅಕಾರಾದಿಯ ಕೋಶದಲ್ಲಿ ಗಾದೆಗೆ ಸಿಕ್ಕ ಉತ್ತರಕ್ಕೆ ಸ್ಥಳವಿಲ್ಲ. ಮುಂದಿನ ಸಂಗ್ರಹಕಾರ್ಯದಲ್ಲಿ ಪ್ರತಿ ಗಾದೆಯ ಜೊತೆಗೆ ಅದನ್ನು ಕೇಳಿದವರು ಏನು ಮಾಡಿದರು ಎಂಬುದನ್ನೂ - ಒಪ್ಪಿದರೋ, ನಕ್ಕರೋ, ಸುಮ್ಮನಾದರೋ, ತಿರುಗಿ ಮಾತಾಡಿದರೋ - ದಾಖಲಿಸುವ ಪದ್ಧತಿ ಬರಬೇಕಾಗಿದೆ. ನುಡಿಯಬಲ್ಲವರಷ್ಟೇ ಅಲ್ಲ, ನುಡಿದುದನ್ನು ತೂಗಬಲ್ಲವರೂ ಈ ನಾಡವರು ಎಂದು ಸಾವಿರದ ನೂರು ವರ್ಷಗಳಿಗೂ ಹಿಂದೆ ಶ್ರೀವಿಜಯನು ಗುರುತಿಸಿದ್ದನು. ತೂಗಿದವರ ಮಾತು ನಮ್ಮ ಚೀಟಿಗಳಲ್ಲಿ ಇಲ್ಲ. ನನ್ನ ಹಳೆಯ ಕಟ್ಟಿನಲ್ಲಿ 'ಗ' ಅಕ್ಷರದ ಆ ಚೀಟಿಯ ಹಿಂಬದಿಯಲ್ಲಿ ಈಗ ಅವಳ ಮಾತನ್ನು ಬರೆದಿಟ್ಟಿದ್ದೇನೆ. ಅದಕ್ಕೆ ಯಾವ ಶೀರ್ಷಿಕೆ ಕೊಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.